ಮೂರು ಪಟ್ಟಿ ಬಿಡದ ಮೇಡಂ

ಮೇಡಂ ನಿವೃತ್ತಿಯಾದ ದಿನ ಕಾಲೇಜಿನ ಸಭಾಂಗಣದಲ್ಲಿ ಆರು ಜನ ಭಾಷಣ ಮಾಡಿದರು. ಆರೂ ಜನ 'ಸರಳ ಸಜ್ಜನಿಕೆಯ ಮೂರ್ತಿ' ಅಂದರು. ಒಬ್ಬರಂತೂ 'ಮೃದುಭಾಷಿ' ಅಂದೇಬಿಟ್ಟರು. ಕೊನೇ ಸಾಲಲ್ಲಿ ಕೂತಿದ್ದ ನಾನು ಕರ್ಚೀಫನ್ನು ಬಾಯಿಗೆ ಒತ್ತಿಕೊಂಡೆ. ಅಲ್ಲ ಸ್ವಾಮಿ, ಸುಳ್ಳಿಗೂ ಒಂದು ಮಿತಿ ಬೇಡವೇ? ಆ ಹೆಂಗಸಿನ ಮೃದುಭಾಷೆ ಎಂಥದ್ದು ಅಂತ ಚಿತ್ರದುರ್ಗ–ಹೊಸದುರ್ಗ ಬಸ್ಸಿನ ಕಂಡಕ್ಟರುಗಳನ್ನು ಕೇಳಿ, ಹೇಳುತ್ತಾರೆ. ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಕೂತಿದ್ದ ಮೇಡಮ್ಮಿಗೂ ನಗು ತಡೆಯಲು ಆಗುತ್ತಿರಲಿಲ್ಲ. ನನ್ನ ಕಡೆ ನೋಡಿ ಒಂದು ಸಲ ಹುಬ್ಬು ಹಾರಿಸಿದರು.

ನನ್ನನ್ನು ಮಾತಾಡಲು ಯಾರೂ ಕರೆಯಲಿಲ್ಲ. ನಾನು ಕಂಪ್ಯೂಟರ್ ಲ್ಯಾಬಿನ ಇನ್‌ಸ್ಟ್ರಕ್ಟರ್, ಪ್ರಿಂಟರಿನಲ್ಲಿ ಪೇಪರ್ ಸಿಕ್ಕಿಕೊಂಡಾಗ ಮಾತ್ರ ನೆನಪಾಗುವವನು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಬರೆಯುತ್ತೇನೆ ಅಂದಾಗ ಮೇಡಂ, "ಬರ್ಕೋ ಹೋಗು. ನನ್ನ ಹೆಸ್ರು ಹಾಕಿದ್ರೆ ಮಾತ್ರ ಕೈ ಮುರೀತೀನಿ" ಅಂದರು. ಹಾಗಾಗಿ ಹೆಸರಿಲ್ಲ.

ಅವರು ಫಿಸಿಕ್ಸ್ ಲೆಕ್ಚರರ್. ನಮ್ಮ ಪರಿಚಯ ಗಟ್ಟಿಯಾದದ್ದು ಅವರಿಗೆ ಐವತ್ತು ದಾಟಿದ ಮೇಲೆ. ಒಂದು ಮಧ್ಯಾಹ್ನ ಲ್ಯಾಬಿಗೆ ಬಂದವರೇ ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ನನ್ನ ಮುಂದೆ ಧೊಪ್ಪೆಂದು ಹಾಕಿ, "ಇದನ್ನ ಟೈಪ್ ಮಾಡಿದ್ರೆ ಓಡ್ತೈತಾ ನೋಡಪ್ಪ" ಅಂದರು. ತೆರೆದು ನೋಡಿದರೆ, ಎಡಗಡೆ ಕೆಂಪು ಮಾರ್ಜಿನ್ನು, ನೀಲಿ ಇಂಕಿನ ದುಂಡಕ್ಷರ, ಪುಟಗಟ್ಟಲೆ ಪೈಥಾನ್ ಪ್ರೋಗ್ರಾಮು! ತಪ್ಪಾದ ಕಡೆ ಗೆರೆ ಹೊಡೆದು ಪಕ್ಕದಲ್ಲಿ ಸಣ್ಣದಾಗಿ ಸಹಿ ಬೇರೆ ಮಾಡಿದ್ದರು, ಅಂಕಪಟ್ಟಿ ತಿದ್ದಿದಾಗ ಮಾಡುವ ಹಾಗೆ. ನಾನು ಒಳಗೊಳಗೇ ನಗುತ್ತಾ ಟೈಪ್ ಮಾಡಿದೆ. ಹಾಳಾದ್ದು, ಮೊದಲನೇ ಸಲಕ್ಕೇ ಓಡಿತು. ಅವತ್ತಿಂದ ನಾನು ಅವರ ಕೈಗೆ ಸಿಕ್ಕಿಬಿದ್ದೆ.

ಅವರು ಪಿಎಚ್.ಡಿ.ಗೆ ಹಿಡಿದಿದ್ದ ವಿಷಯ ಕೇಳಿದರೆ ಯಾರಿಗಾದರೂ ತಲೆ ಗಿರ್ ಅನ್ನಬೇಕು. ನಮ್ಮ ಮೊಬೈಲ್ ಕ್ಯಾಮೆರಾ ಬೆಳಕನ್ನು ಮೂರೇ ಬಣ್ಣದಲ್ಲಿ ಹಿಡಿಯುತ್ತದೆ. ಹೈಪರ್‌ಸ್ಪೆಕ್ಟ್ರಲ್ ಅನ್ನುವ ಕ್ಯಾಮೆರಾ ಅದೇ ಬೆಳಕನ್ನು ಇನ್ನೂರಕ್ಕೂ ಹೆಚ್ಚು ತೆಳ್ಳನೆಯ ಪಟ್ಟಿಗಳಾಗಿ ಸೀಳಿ ಹಿಡಿಯುತ್ತದೆ. ಅದರಲ್ಲಿ ನಮ್ಮ ಕಣ್ಣಿಗೆ ಕಾಣದ ಬೆಳಕೂ ಸೇರಿರುತ್ತದೆ. ತೊಂದರೆ ಏನೆಂದರೆ, ಅಕ್ಕಪಕ್ಕದ ಪಟ್ಟಿಗಳು ಹೆಚ್ಚುಕಮ್ಮಿ ಒಂದೇ ಸುದ್ದಿ ಹೇಳುತ್ತವೆ. ಇನ್ನೂರರಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಹತ್ತನ್ನು ಹೆಕ್ಕಬೇಕು. "ಇನ್ನೂರು ಪಟ್ಟಿ ಕ್ಯಾಮೆರಾ ದೊಡ್ಡ ದೊಡ್ಡ ಸಂಸ್ಥೆಯೋರ ಸೊತ್ತು ಕಣಪ್ಪ. ಹತ್ತು ಪಟ್ಟಿದು ಮಾಡಿದ್ರೆ ನಮ್ಮ ರೈತ ಸಂಪರ್ಕ ಕೇಂದ್ರಕ್ಕೂ ಬರ್ತೈತೆ," ಅನ್ನುತ್ತಿದ್ದರು.

ಹೆಕ್ಕುವ ಕೆಲಸಕ್ಕೆ ಅವರು ಆರಿಸಿಕೊಂಡದ್ದು ಗ್ರಾಫ್ ನ್ಯೂರಲ್ ನೆಟ್‌ವರ್ಕ್ ಅನ್ನುವ, ತಾನೇ ಕಲಿಯುವ ಕಂಪ್ಯೂಟರ್ ವಿಧಾನ. ಅದನ್ನು ನನಗೆ ತಿಳಿಸಿದ ರೀತಿ ಮಾತ್ರ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಆಗ ನನ್ನ ಮದುವೆ ಮಾತು ನಡೆಯುತ್ತಿತ್ತು. ನಮ್ಮೂರು ಭರಮಸಾಗರ, ಹೊಳಲ್ಕೆರೆಯ ಕಡೆ ಹೆಣ್ಣು ನೋಡಿದ್ದರು.

"ಹೊಳಲ್ಕೆರೆಗೆ ಎಷ್ಟು ಜನ ಹೋಗ್ತೀರಿ?" ಅಂದರು.

"ಐದು ಜನ ಮೇಡಂ."

"ನಿಮ್ಮ ನೆಂಟರು ಇನ್ನೂರು ಜನ ಅವ್ರೆ. ಅದ್ರಾಗೆ ಐದು ಜನಾನ ಹೆಂಗೆ ಆರಿಸ್ತೀರಿ? ನಿಮ್ಮಪ್ಪನೂ ಅವ್ರ ನಾಲ್ಕು ಜನ ತಮ್ಮಂದಿರೂ ಹೋದ್ರೆ ಐದು ಬಾಯಿ, ಒಂದೇ ಮಾತು. ಏನುಪಯೋಗ? ನಿಮ್ಮಪ್ಪ ಒಬ್ರು ಸಾಕು. ಸೋದರಮಾವ ಒಬ್ಬ. ಅಡುಗೆಮನೆ ತನಕ ಹೋಗಿ ಬರೋಕೆ ಅತ್ತೆ ಒಬ್ಳು. ವ್ಯವಹಾರ ಮಾತಾಡೋಕೆ ಊರಿನ ಹಿರೀಕ ಒಬ್ಬ. ಇನ್ನೊಬ್ಬ ಬಾಯಿ ಬಿಡದೆ ಕೂತು ಎಲ್ಲಾ ನೋಡ್ಕಂಡು ಬರೋನು. ಯಾರು ಯಾರಿಗೆ ಹತ್ರ, ಯಾರ ಮಾತು ಯಾರಿಗೆ ಗೊತ್ತೈತೆ ಅನ್ನೋ ನಂಟಿನ ಲೆಕ್ಕ ಇಟ್ಕಂಡೇ ತಾನೆ ಆರ್ಸೋದು? ಇದೂ ಅಷ್ಟೆ. ಒಂದೊಂದು ಪಟ್ಟಿನೂ ಒಂದೊಂದು ಚುಕ್ಕಿ. ಹೋಲೋ ಚುಕ್ಕಿಗಳ ಮಧ್ಯೆ ಗೆರೆ ಎಳಿ. ಪ್ರತಿ ಚುಕ್ಕಿನೂ ತನ್ನ ನೆಂಟರ ಸುದ್ದಿ ಕೇಳ್ಕಂತೈತೆ. ಕೊನಿಗೆ ಯಾರು ಹೋದ್ರೆ ಎಲ್ಲಾರ ಪರವಾಗಿ ಹೋದಂಗೆ ಆಗ್ತೈತೆ ಅಂತ ಅದೇ ಕಲೀತೈತೆ."

"ಎಲ್ಲರಿಗಿಂತ ಬೇರೆ ಮಾತಾಡೋರು ಬೇಕು ಅಂದ್ರೆ ನಮ್ಮ ಕುಡುಕ ಚಿಕ್ಕಪ್ಪ ಇದ್ದಾನೆ ಮೇಡಂ" ಅಂದೆ.

"ಅದೇ ಕಣೋ ಕಷ್ಟ! ಬೇರೆ ಮಾತಾಡೋನು ಬೇಕು, ಕುಡುಕ ಬೇಡ. ಅದನ್ನ ಮಷೀನಿಗೆ ತಿಳ್ಸೋದ್ರಾಗೇ ನನ್ನ ಆಯಸ್ಸು ಹೋಗ್ತಾ ಐತೆ" ಅಂತ ಟೇಬಲ್ ಗುದ್ದಿದರು.

ಆಯಸ್ಸು ಹೋಗುತ್ತಿದ್ದದ್ದಂತೂ ನಿಜ. ಪಿಎಚ್.ಡಿ.ಗೆ ರಿಜಿಸ್ಟರ್ ಮಾಡಿಸಿ ವರ್ಷಗಳಾಗಿದ್ದವು. ಯಜಮಾನರ ಆಪರೇಷನ್ ಅಂತ ಒಂದು ಸಲ, ಕೊರೊನಾ ಅಂತ ಒಂದು ಸಲ ಅವಧಿ ವಿಸ್ತರಿಸಿಕೊಂಡಿದ್ದರು. ಮೂರನೇ ಸಲ ಕೊಡುವಾಗ ವಿಶ್ವವಿದ್ಯಾಲಯದವರು ಇದೇ ಕೊನೆ ಅಂದಿದ್ದರು. ಮಾರ್ಚ್ ಒಳಗೆ ಪ್ರಬಂಧ ಸಲ್ಲಿಸದಿದ್ದರೆ ರಿಜಿಸ್ಟ್ರೇಷನ್ನೇ ರದ್ದು, ಅದರ ಬೆನ್ನಿಗೇ ನಿವೃತ್ತಿ. ಶ್ರೀರಾಂಪುರ ಹೋಬಳಿಯ ಕುರಿ ಸಾಕುವ ಮನೆಯಿಂದ ಬಂದವರು ಅವರು. ಅವರ ಮನೆತನದಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಮೊದಲ ಹೆಂಗಸು. ಸ್ಟಾಫ್ ರೂಮಿನಲ್ಲಿ ಕೆಲವರು, "ಈ ವಯಸ್ಸಿಗೆ ಡಾಕ್ಟ್ರಾಗಿ ಯಾರಿಗೆ ಇಂಜೆಕ್ಷನ್ ಕೊಡ್ಬೇಕು?" ಅಂತ ಕಿಸಕ್ಕನೆ ನಗುತ್ತಿದ್ದರು. ಮೇಡಂ ಎದುರಿಗೇ, "ಮೊದಲ್ನೇದು ನಿನಗೇ ಕೊಡ್ತೀನಿ, ಕುಂತ್ಕಳ್ರಿ" ಅನ್ನುತ್ತಿದ್ದರು. ಹೀಗೆ ಬೈಗುಳದ ತುದಿಗೂ 'ರಿ' ಹಚ್ಚುವುದು ಅವರ ಪದ್ಧತಿ.

ಚಿತ್ರಗಳನ್ನು ಒಂದು ಸಂಶೋಧನಾ ಸಂಸ್ಥೆಯವರು ಡ್ರೋನ್ ಹಾರಿಸಿ ತೆಗೆದುಕೊಟ್ಟರು. ಹಿರಿಯೂರಿನ ಆದಿವಾಲದ ಹತ್ತಿರ, ಕಾಲುವೆ ನೀರು ಹತ್ತದ ಕೆಂಪು ಹೊಲಗಳು. ಆಗಸ್ಟ್ ತಿಂಗಳು, ಪೈರು ಮೊಣಕಾಲಿಗಿಂತ ಕೆಳಗಿತ್ತು. ಮೇಲೆ ಡ್ರೋನ್ ಹಾರುತ್ತಿದ್ದರೆ ಕೆಳಗೆ ಮೇಡಂ ಕೊಡೆ ಹಿಡಿದು, ಬದುವಿನಿಂದ ಬದುವಿಗೆ ದಾಟುತ್ತಾ ಯಾವ ಹೊಲದಲ್ಲಿ ಯಾವ ಬೆಳೆ ಅಂತ ಬರೆದುಕೊಳ್ಳುತ್ತಿದ್ದರು. ಈ ಬರಹವೇ ಇಡೀ ಕೆಲಸಕ್ಕೆ ಅಡಿಪಾಯ. ಯಂತ್ರ ಹೇಳಿದ್ದು ಸರಿಯೋ ತಪ್ಪೋ ಅಂತ ತಾಳೆ ನೋಡುವುದು ಇದರ ಜೊತೆಗೇ.

ಒಂದು ದೊಡ್ಡ ಹೊಲದ ಯಜಮಾನಿ, ಮೇಡಮ್ಮಿನ ವಾರಗೆಯ ಹೆಂಗಸು, ಬದುವಿನ ಮೇಲೆ ಕೂತಿದ್ದಳು. "ಏನಮ್ಮಾ ಹಾಕಿರೋದು?" ಅಂದರು ಮೇಡಂ. "ಶೇಂಗಾ ಕಣ್ ತಾಯಿ" ಅಂದಳು ಆಕೆ. ಮೇಡಂ 'ಶೇಂಗಾ' ಅಂತ ಬರೆದು ಟಿಕ್ ಹಾಕಿದರು.

ಮೂರು ತಿಂಗಳು ಕಂಪ್ಯೂಟರ್ ಓಡಿಸಿದೆವು. ಮೇಡಮ್ಮಿಗೆ ಕನ್ನಡಕ ತೆಗೆದು ಮೂಗನ್ನು ಸ್ಕ್ರೀನಿಗೆ ಒತ್ತಿ ನೋಡುವ ಅಭ್ಯಾಸ. ಅವರು ಎದ್ದು ಹೋದ ಮೇಲೆ ಕುಂಕುಮದ ಗುರುತು ಒರೆಸುವುದೇ ನನಗೊಂದು ಕೆಲಸವಾಗಿತ್ತು. ನೆಟ್‌ವರ್ಕು ಹತ್ತು ಪಟ್ಟಿ ಆರಿಸಿತು. ಏಳು ಯಾರೂ ಒಪ್ಪುವಂಥವು. ಉಳಿದ ಮೂರು ಮಾತ್ರ ಬೆಳಕಿನ ಹರವಿನ ತೀರಾ ಆಚೆ ತುದಿಯವು. ಅಲ್ಲಿ ಕ್ಯಾಮೆರಾ ತಡಬಡಾಯಿಸುತ್ತದೆ, ಸುದ್ದಿಗಿಂತ ಗದ್ದಲವೇ ಹೆಚ್ಚು, ಅದಕ್ಕೆ ಬಹಳಷ್ಟು ಜನ ಆ ತುದಿಯನ್ನು ಮೊದಲೇ ಕತ್ತರಿಸಿ ಎಸೆಯುತ್ತಾರೆ. ಈ ಮೂರನ್ನು ಸೇರಿಸಿಕೊಂಡರೆ ಆ ದೊಡ್ಡ ಶೇಂಗಾ ಹೊಲದ ನಕ್ಷೆಯಲ್ಲಿ ತೆಳ್ಳನೆಯ ಕಪ್ಪು ಗೆರೆಗಳು ಬರುತ್ತಿದ್ದವು. 'ಇದು ನೀವು ಹೇಳಿಕೊಟ್ಟ ಯಾವ ಬೆಳೆಯೂ ಅಲ್ಲ' ಅನ್ನುವುದಕ್ಕೆ ನಾವು ಇಟ್ಟಿದ್ದ ಬಣ್ಣ ಕಪ್ಪು. ಮೂರನ್ನೂ ಕಿತ್ತರೆ ಗೆರೆ ಮಾಯ, ನಕ್ಷೆ ಕನ್ನಡಿಯ ಹಾಗೆ.

"ಮೇಡಂ, ಇವು ಮೂರೂ ಕುಡುಕ ಚಿಕ್ಕಪ್ಪಂದಿರು. ಬಿಟ್ಟುಬಿಡಾಣ" ಅಂದೆ.

"ಹತ್ತು ಸಲ ಹೊಸದಾಗಿ ಓಡಿಸಿದ್ರೂ ಹತ್ತು ಸಲಾನೂ ಅವನ್ನೇ ಆರಿಸ್ತೈತಲ್ಲೋ. ಕುಡುಕ ಆದ್ರೆ ದಿನಕ್ಕೊಂದು ಮಾತಾಡ್ತಿದ್ದ" ಅಂದರು.

ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ ಸಮಿತಿಯ ಮುಂದೆ ಕರಡು ಮಂಡಿಸಬೇಕಿತ್ತು. ಕಂಪ್ಯೂಟರ್ ನೋಡಿಕೊಳ್ಳಲು ಅಂತ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಹೊರಗಿನಿಂದ ಬಂದಿದ್ದ ತಜ್ಞರು ಒಳ್ಳೆಯ ಮನುಷ್ಯರೇ, ಅವರ ಮೇಲೆ ನನಗೆ ಸಿಟ್ಟಿಲ್ಲ. ಪುಟ ತಿರುವಿ ಆ ನಕ್ಷೆಗೆ ಬಂದವರು ಕೆಂಪು ಪೆನ್ನಿನಲ್ಲಿ ಗೆರೆಗಳ ಸುತ್ತ ಸುತ್ತು ಹಾಕಿ 'ನಾಯ್ಸ್' ಅಂತ ಬರೆದರು. ಇಂಥ ಕ್ಯಾಮೆರಾಗಳಲ್ಲಿ ಗೆರೆ ಬೀಳುವುದು ಸಾಮಾನ್ಯ ಕಾಯಿಲೆ, ನಿಮ್ಮ ವಿಧಾನ ಗದ್ದಲವನ್ನೇ ಮಾಹಿತಿ ಅಂದುಕೊಂಡಿದೆ, ಆ ಮೂರು ಪಟ್ಟಿ ತೆಗೆದು ತನ್ನಿ, ಇಲ್ಲದಿದ್ದರೆ ಶಿಫಾರಸು ಮಾಡಲಾರೆ, ಅಂದರು. ನಡಾವಳಿಯಲ್ಲೂ ಅದನ್ನೇ ಬರೆಸಿದರು. ಮೇಡಂ ಆ ನಕ್ಷೆಯ ತಮ್ಮ ಪ್ರತಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು.

ಹೊರಗೆ ಬಂದ ಮೇಲೆ ನಾನು ಬ್ಯಾಗಿನಿಂದ ಒಂದು ಹಾಳೆ ತೆಗೆದೆ. ಮೂರು ಪಟ್ಟಿ ಕಿತ್ತು ಮಾಡಿದ ಸ್ವಚ್ಛ ನಕ್ಷೆ. ಇಂಥ ದಿನಕ್ಕೆ ಅಂತಲೇ ಅವರಿಗೆ ಗೊತ್ತಿಲ್ಲದ ಹಾಗೆ ಮಾಡಿಟ್ಟಿದ್ದೆ. "ಇದನ್ನ ಕೊಟ್ಟುಬಿಡಾಣ ಮೇಡಂ. ಮಾರ್ಚಿಗೆ ಸಲ್ಲಿಸಿ ಡಾಕ್ಟ್ರಾಗಿ. ಯಾರೂ ಕೇಳಲ್ಲ."

ಅಯ್ಯಪ್ಪಾ! ಆ ಕಾಂಪೌಂಡಿನ ಹೊರಗೆ ನನಗೆ ಬಿದ್ದ ಬೈಗುಳ ನನ್ನ ಶತ್ರುವಿಗೂ ಬೇಡ. "ಯಾಕೆ ಬರ್ತೈತೆ ಅಂತ ಗೊತ್ತಿಲ್ದೇ ಅಳಿಸಿ ಹಾಕಿ ಡಾಕ್ಟ್ರು ಅನ್ನಿಸ್ಕಳ್ಳಾ? ನಾಯ್ಸ್ ಆದ್ರೆ ನಾಯ್ಸ್ ಅಂತ ಗೊತ್ತಾಗ್ಲಿ, ನಾನೇ ಕಿತ್ತು ಬಿಸಾಕ್ತೀನಿ. ಗೊತ್ತಾಗೋ ತನಕ ಮುಟ್ಟಬ್ಯಾಡ!" ಹಾಳೆ ಕಿತ್ತುಕೊಂಡು ನಾಲ್ಕು ತುಂಡು ಮಾಡಿದರು. ಕಸದ ಡಬ್ಬಿ ಹುಡುಕಿಕೊಂಡು ಹೋಗಿ ಹಾಕಿ ಬಂದರು ಅನ್ನಿ.

ವಾಪಸ್ ಚಿತ್ರದುರ್ಗದ ಬಸ್ ಹತ್ತಿದೆವು. ಮೇಡಂ ಕಪ್ಪು ಗೆರೆಯ ನಕ್ಷೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದು, ಕನ್ನಡಕ ತೆಗೆದು, ಮೂಗಿಗೆ ಒತ್ತಿಕೊಂಡು ಕೂತಿದ್ದರು. ಹಿರಿಯೂರು ಇನ್ನೇನು ಬರಬೇಕು, ನನ್ನ ತೊಡೆಗೆ ಪಟಾರನೆ ಒಂದು ಏಟು.

"ಲೇ! ಡ್ರೋನ್ ಹೋಗಿದ್ದು ನೆಟ್ಟಗೆ ತಾನೆ? ಕ್ಯಾಮೆರಾ ಗೆರೆ ಬಿದ್ರೆ ನೆಟ್ಟಗೆ ಬೀಳ್ಬೇಕು. ಇಲ್ಲಿ ನೋಡು, ಬದು ಎಲ್ಲಿ ಸೊಟ್ಟ ತಿರುಗೈತೋ ಅಲ್ಲೇ ಗೆರೆನೂ ತಿರುಗೈತೆ. ಕ್ಯಾಮೆರಾಕ್ಕೆ ಬದು ಗೊತ್ತೇನೋ?"

ನಾನು ನೋಡಿದೆ. ಹೌದು. ತಿಂಗಳುಗಟ್ಟಲೆ ನನ್ನ ಕಣ್ಣೆದುರಿಗೇ ಇದ್ದ ಗೆರೆ, ಬದುವಿನ ಜೊತೆ ಮೆಲ್ಲಗೆ ಬಾಗಿತ್ತು.

"ಇಳಿ ಇಳಿ, ಹೋಗಾಣ" ಅಂತ ಎದ್ದೇಬಿಟ್ಟರು. ದುರ್ಗದ ತನಕ ಟಿಕೆಟ್ ತಗೊಂಡು ಹಿರಿಯೂರಲ್ಲಿ ಇಳಿದದ್ದಕ್ಕೆ ಕಂಡಕ್ಟರ್ ಗೊಣಗಿದ. ಮೇಡಂ ಅವನಿಗೆ ತಿರುಗಿ ಏನೂ ಅನ್ನಲಿಲ್ಲ, ಅಷ್ಟು ಅವಸರ. ಆಟೋ ಹಿಡಿದು ಆದಿವಾಲ ದಾಟಿ ಆ ಹೊಲದ ಹತ್ತಿರ ಹೋಗುವಾಗ ನಾಲ್ಕು ಗಂಟೆಯ ಬಿಸಿಲು.

ಶೇಂಗಾ ಕಿತ್ತು ಎಷ್ಟೋ ದಿನವಾಗಿತ್ತು. ಹೊಲ ಬರಿದಾಗಿತ್ತು. ಬರೀ ಕೆಂಪು ಮಣ್ಣಿನ ಮಧ್ಯೆ, ದೂರ ದೂರಕ್ಕೆ ಒಂದೊಂದರಂತೆ, ಎದೆಮಟ್ಟ ಬೆಳೆದ ತೊಗರಿ ಸಾಲುಗಳು ಕಾಯಿ ಕಟ್ಟಿಕೊಂಡು ನಿಂತಿದ್ದವು. ಬದು ಎಲ್ಲಿ ತಿರುಗಿತ್ತೋ ಸಾಲೂ ಅಲ್ಲೇ ತಿರುಗಿತ್ತು. ನಮ್ಮ ಕೈಯಲ್ಲಿದ್ದ ನಕ್ಷೆಯನ್ನೇ ಯಾರೋ ನೆಲದ ಮೇಲೆ ಹಾಸಿದ್ದರು.

"ಅಕ್ಕಡಿ!" ಅಂದರು ಮೇಡಂ. ಅಂದವರು ಬದುವಿನ ಮೇಲೆ ಕುಸಿದು ಕೂತರು.

ನಮ್ಮ ಕಡೆ ಶೇಂಗಾ ಬಿತ್ತುವಾಗ ಇಷ್ಟು ಸಾಲಿಗೊಂದು ಅಂತ ತೊಗರಿ ಸಾಲು ಬಿಡುತ್ತಾರೆ, ಅದೇ ಅಕ್ಕಡಿ. ಶೇಂಗಾ ಮಾರುಕಟ್ಟೆಗೆ, ತೊಗರಿ ಮನೆಯ ಬೇಳೆಗೆ. ಆಗಸ್ಟಿನಲ್ಲಿ ಎರಡೂ ಗಿಡ್ಡಕ್ಕೆ, ಎರಡೂ ಹಸಿರಾಗಿ ಇದ್ದವು. ಮೂರು ಬಣ್ಣದ ಫೋಟೋದಲ್ಲಿ ಬೇರೆ ಬೇರೆಯಾಗಿ ಕಾಣಲಿಲ್ಲ. ಎಲೆಯೊಳಗಿನ ನೀರಿನ ಲೆಕ್ಕ ಹೇಳುವ ಬೆಳಕು ಆ ಆಚೆ ತುದಿಯಲ್ಲಿದೆ, ನೆಟ್‌ವರ್ಕು ಅದನ್ನು ಹಿಡಿದಿತ್ತು.

ಅಷ್ಟರಲ್ಲಿ ಹೊಲದ ಯಜಮಾನಿ ಬಂದಳು. "ಅಕ್ಕಡಿ ಐತೆ ಅಂತ ಅವತ್ತು ಯಾಕೆ ಹೇಳ್ಲಿಲ್ಲಮ್ಮ?" ಅಂದೆ ನಾನು.

"ಅಯ್ ಶಿವ್ನೆ, ಅದನ್ನೂ ಹೇಳ್ತಾರೇನಪ್ಪ? ಶೇಂಗಾ ಹೊಲ ಅಂದ್ಮ್ಯಾಲೆ ಅಕ್ಕಡಿ ಇಲ್ದೇ ಇರ್ತೈತಾ?"

ಮೇಡಂ ತಲೆ ಚಚ್ಚಿಕೊಂಡರು. "ಆಯಮ್ಮನ್ನ ಯಾಕೆ ಕೇಳ್ತೀಯೋ, ನನ್ನ ಕೇಳು. ಬಿತ್ತೋ ಕೂರಿಗೆ ಹಿಂದೆ ಹೋಗಿ ಅಕ್ಕಡಿ ಬೀಜ ಬಿಟ್ಟೇ ನಾನು ದೊಡ್ಡೋಳಾಗಿದ್ದು. ಅವತ್ತು ಇದೇ ಬದುವಿನ ಮ್ಯಾಲೆ ನಿಂತು ಕಣ್ಣಾರೆ ನೋಡಿ 'ಶೇಂಗಾ' ಅಂತ ಬರ್ದೆ. ಬೇರೆ ಸೀಮೆಯೋರು ಬಂದಿದ್ರೆ ಇದೇನ್ರೀ ಮಧ್ಯೆ ಅಂತ ಕೇಳ್ತಿದ್ರು. ನಂಗೆ ಕೇಳ್ಬೇಕು ಅಂತ್ಲೇ ಅನ್ನಿಸ್ಲಿಲ್ಲ. ನಮ್ಮೋರ ಪೈಕಿ ಯಾರೂ ಹೇಳ್ದೇ ಇದ್ದುದ್ನ ಈ ಮುಂಡೇದು ಮಷೀನ್ ಹೇಳೈತಲ್ಲೋ!" ಅಂದವರ ಕಣ್ಣಲ್ಲಿ ನೀರು. ಮರುಗಳಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಮೊಬೈಲಿನ ಜಿಪಿಎಸ್ ಹಿಡಿದು ಸಾಲಿನ ಗುಂಟ ನಡೆಯತೊಡಗಿದರು. ಮೊದಲ ನಾಲ್ಕು ಸಾಲು ಅಳೆದೆವು, ನಾಲ್ಕೂ ತಾಳೆಯಾದವು. ಕತ್ತಲಾಗುವುದರೊಳಗೆ ಬಸ್ ಹಿಡಿಯಬೇಕಿತ್ತು, ಉಳಿದದ್ದು ಬಿಟ್ಟೆವು.

ಹೊಲದ ಅಳತೆ, ಫೋಟೋ ಎಲ್ಲ ಲಗತ್ತಿಸಿ ಮೇಡಂ ಪತ್ರ ಬರೆದ ಮೇಲೆ ಸಮಿತಿಯವರು, ತೀರ್ಮಾನ ಮೌಖಿಕ ಪರೀಕ್ಷೆಯಲ್ಲೇ ಆಗಲಿ ಅಂತ ಬಿಟ್ಟರು. ಪ್ರಬಂಧ ಫೆಬ್ರವರಿಯಲ್ಲೇ ಹೋಯಿತು, ಮೂರು ಪಟ್ಟಿಯೂ ಸೇರಿ. ಅದರಲ್ಲಿ ಒಂದು ಇಡೀ ಅಧ್ಯಾಯ ತಾವು ಮಾಡಿದ ತಪ್ಪಿನ ಬಗ್ಗೆ ಬರೆದಿದ್ದರು. ನಾನು ಬೇಡ ಅಂದೆ. ನನ್ನ ಮಾತು ಯಾವತ್ತು ಕೇಳಿದ್ದರು?

ಕೊನೆಯ ಮೌಖಿಕ ಪರೀಕ್ಷೆ ಬೇಸಿಗೆಯಲ್ಲಿ. ಅದಕ್ಕೆ ಯಾರು ಬೇಕಾದರೂ ಬರಬಹುದು. ಮೇಡಂ ಆದಿವಾಲದ ಯಜಮಾನಿಯನ್ನೇ ಕರೆದುಕೊಂಡು ಬಂದು ಮುಂದಿನ ಸಾಲಲ್ಲಿ ಕೂರಿಸಿದರು. ಪರೀಕ್ಷಕರು ಅದೇ ತಜ್ಞರು. ತೊಗರಿ ಸಾಲಿನ ಫೋಟೋ ನೋಡಿ ಅವರು ಕೇಳಿದರು:

"ಹೊಲ ನೋಡಿಕೊಂಡು ಬಂದ ಮೇಲೆ ನಕ್ಷೆಯನ್ನು ಅದಕ್ಕೆ ತಕ್ಕ ಹಾಗೆ ತಿದ್ದಿಲ್ಲ ಅಂತ ನಾನು ಹೇಗೆ ನಂಬಲಿ?"

"ಸರಿಯಾಗಿ ಕೇಳಿದ್ರಿ ಸರ್," ಅಂದರು ಮೇಡಂ. "ಡಿಸೆಂಬರ್‌ನಾಗೆ ನಾನು ಕೊಟ್ಟ ಕರಡು ನಿಮ್ಮ ಫೈಲಿನಾಗೇ ಐತೆ. ಆಗ ನಾವು ಅಕ್ಕಡಿ ನೋಡಿರ್ಲಿಲ್ಲ. ಅದನ್ನೇ ತೆಗೀರಿ. ಯಾರಿಗೂ ನಕ್ಷೆ ಕಾಣ್ದಂಗೆ ಪರದೆ ಬಂದ್ ಮಾಡ್ತೀನಿ. ನನ್ನ ಕೇಳಬ್ಯಾಡ್ರಿ, ಬಿತ್ತಿದೋರು ಇಲ್ಲೇ ಕುಂತವ್ರೆ, ಅವ್ರನ್ನ ಕೇಳ್ರಿ."

ತಜ್ಞರು ಫೈಲಿನಿಂದ ಕರಡು ತೆಗೆದು ತಾವೇ ಕೆಂಪು ಸುತ್ತು ಹಾಕಿದ್ದ ಪುಟ ಬಿಡಿಸಿದರು. "ಆ ವರ್ಷ ಎಷ್ಟು ಅಕ್ಕಡಿ ಸಾಲು ಬಿಟ್ಟಿದ್ರಿ ತಾಯಿ?"

ಯಜಮಾನಿ ಎದ್ದು ನಿಂತು ಬೆರಳು ಮಡಚಿದಳು. "ಹನ್ನೊಂದು ಸಾಲು ಸ್ವಾಮಿ. ಅಲ್ಲಲ್ಲ, ಹತ್ತೂವರೆ ಅನ್ರಿ. ರಸ್ತೆ ಕಡೆಯಿಂದ ಏಳನೇದು ಅರ್ಧಕ್ಕೇ ನಿಂತೋಯ್ತು. ನಮ್ಮ ಸೊಸೆ ಬೀಜ ಬಿಡ್ತಿದ್ಲು, ಕೂಸು ಅಳ್ತೈತೆ ಅಂತ ಓಡೋದ್ಲು. ಕೂರಿಗೆ ನಿಲ್ಲಿಸ್ಲಿಲ್ಲ, ಹಂಗೇ ಹೋಯ್ತು."

ಇದು ಮೇಡಮ್ಮಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಕ್ಷೆಯಲ್ಲಿ ಒಂದು ಗೆರೆ ಮೋಟಾಗಿರುವುದನ್ನು ನಾನು ಕಂಡಿದ್ದೆ. ಡ್ರೋನ್ ಅಲ್ಲಾಡಿರಬೇಕು ಅಂದುಕೊಂಡು ಬಾಯಿ ಮುಚ್ಚಿಕೊಂಡಿದ್ದೆ.

ತಜ್ಞರು ನಕ್ಷೆಯಲ್ಲಿ ರಸ್ತೆ ಇದ್ದ ಕಡೆಯಿಂದ ಪೆನ್ನಿನ ತುದಿಯಲ್ಲಿ ಎಣಿಸಿದರು. ಒಂದು, ಎರಡು, ಮೂರು... ಏಳಕ್ಕೆ ಪೆನ್ನು ನಿಂತಿತು. ಆಮೇಲೆ ಹನ್ನೊಂದರ ತನಕ ಹೋಯಿತು. ಮತ್ತೆ ಮೊದಲಿಂದ ಎಣಿಸಿದರು. ಪುಟವನ್ನು ಎತ್ತಿ ಎಲ್ಲರಿಗೂ ತೋರಿಸಿದರು: ಅವರದೇ ಕೆಂಪು ಸುತ್ತಿನೊಳಗೆ ಹತ್ತು ಪೂರಾ ಗೆರೆ, ಏಳನೆಯದು ಅರ್ಧ. ಅಬ್ಬಾ, ಆ ಸಭಾಂಗಣದಲ್ಲಿ ಎದ್ದ ಚಪ್ಪಾಳೆ! ನಾನಂತೂ ನಾಚಿಕೆ ಬಿಟ್ಟು ಶಿಳ್ಳೆ ಹಾಕಿದೆ. ಯಜಮಾನಿ ತಾನೇನು ತಪ್ಪು ಹೇಳಿದೆನೋ ಅಂತ ಗಾಬರಿಯಾಗಿ ಸುತ್ತ ನೋಡುತ್ತಿದ್ದಳು. ಮೇಡಂ ಹೋಗಿ ಆಕೆಯ ಎರಡೂ ಕೈ ಹಿಡಿದುಕೊಂಡರು.

ತಜ್ಞರು ಎದ್ದು ಬಂದು ಕೈ ಮುಗಿದರು. "ಅಭಿನಂದ..."

"ತಡೀರಿ ಸರ್," ಅಂದರು ಮೇಡಂ. "ಡಿಸೆಂಬರ್ ನಡಾವಳಿನಾಗೆ 'ಗದ್ದಲವನ್ನೇ ಮಾಹಿತಿ ಎಂದು ಆರಿಸಿದೆ' ಅಂತ ಬರೆಸೀರಿ. ಅದು ಹಂಗೇ ಇದ್ರೆ ಈ ಹನ್ನೊಂದು ಸಾಲೂ ಸುಳ್ಳಾಗ್ತಾವೆ. ಮೊದ್ಲು ಅದನ್ನ ವಾಪಸ್ ತಗಳ್ರಿ."

ನಾನು ಕಣ್ಣು ಮುಚ್ಚಿಕೊಂಡೆ. ಗೆದ್ದ ಆಟವನ್ನು ಈ ಹೆಂಗಸು ಇಲ್ಲಿ ಕೆಡಿಸಿದರು ಅಂದುಕೊಂಡೆ. ಕಣ್ಣು ಬಿಟ್ಟಾಗ ತಜ್ಞರು ನಡಾವಳಿ ಪುಸ್ತಕ ತರಿಸಿಕೊಂಡು ಬಗ್ಗಿ ಬರೆಯುತ್ತಿದ್ದರು. ಬರೆದದ್ದನ್ನು ಗಟ್ಟಿಯಾಗಿ ಓದಿದರು: "ಈ ಅಭಿಪ್ರಾಯವನ್ನು ಹಿಂಪಡೆದಿದ್ದೇನೆ. ಅಭ್ಯರ್ಥಿಯ ವಿಧಾನವೇ ಸರಿ, ನಾನು ತಪ್ಪಿದ್ದೆ." ಕೆಳಗೆ ಸಹಿ ಮಾಡಿ ಪುಸ್ತಕವನ್ನು ಮೇಡಮ್ಮಿನ ಕಡೆ ತಿರುಗಿಸಿದರು. ಮೇಡಂ ಕನ್ನಡಕ ತೆಗೆದು, ಪುಸ್ತಕವನ್ನು ಮೂಗಿಗೆ ಹಿಡಿದು, ಒಂದೊಂದೇ ಅಕ್ಷರ ಓದಿದರು. ಆಮೇಲೆ ಮುಚ್ಚಿ, ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತರು.

"ಈಗ ಹೇಳ್ರಿ ಸರ್. ಏನೋ ಹೇಳ್ತಿದ್ರಲ್ಲ."

"ಅಭಿನಂದನೆಗಳು, ಡಾಕ್ಟರ್" ಅಂದರು ತಜ್ಞರು.